ನಂದಿಬೆಟ್ಟದ ಬಂಗಲೆ ಯಾರ ಬಿಡಾರ?

ಬೆಟ್ಟದ ಮೇಲಿನ ಹಳೆಯ ಬಂಗಲೆಯನ್ನು ಐಷಾರಾಮಿ ವಸತಿಯಾಗಿ ಮಾರುವವರು ಮೊದಲು ಮಾರುವುದು ಅದರ ವಯಸ್ಸನ್ನು. ಎತ್ತರದ ಚಾವಣಿ, ತೇಗದ ತೊಲೆ, ಚಳಿ ಕಾಯಿಸುವ ಬೆಂಕಿಗೂಡು, ಇಲ್ಲಿ ಮಲಗಿ ಎದ್ದ ದೊರೆಯ ಹೆಸರು, ಇವೆಲ್ಲ ಸೇರಿ ಕೊಠಡಿಯ ಬಾಡಿಗೆ ಏರುತ್ತದೆ. ಊಟಿಯಲ್ಲಿ ಇದು ನಡೆಯಿತು, ಮಡಿಕೇರಿ ಮತ್ತು ಚಿಕ್ಕಮಗಳೂರಿನ ತೋಟದ ಮನೆಗಳಲ್ಲೂ ನಡೆಯುತ್ತಿದೆ. ನಮ್ಮ ಕೋಲಾರ ಸೀಮೆಗೆ ಸೇರಿದ ಬೆಟ್ಟವೊಂದಿದ್ದರೆ ಅದು 1,478 ಮೀಟರ್ ಎತ್ತರದ ನಂದಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಅದು ಕೋಲಾರ ಜಿಲ್ಲೆಯದೇ ಆಗಿತ್ತು. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನ ಹಿರಿಯರಿಗೆ ಅದು ಈಗಲೂ ತಮ್ಮ ಜಿಲ್ಲೆಯ ಬೆಟ್ಟವೇ. ಅದರ ನೆತ್ತಿಯ ಮೇಲೆ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯುತ್ತಿದ್ದ ಮನೆ ಇಂದಿಗೂ ನಿಂತಿದೆ. ಈಗ ಅದರ ಹೆಸರು ನೆಹರೂ ನಿಲಯ. ಇಂಥ ಮನೆಯನ್ನು ದುಬಾರಿ ಪಾರಂಪರಿಕ ಹೋಟೆಲು ಮಾಡಬಾರದೇಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ನನ್ನ ವಾದ ಇಷ್ಟು: ಆ ಮನೆಗೆ ಚರಿತ್ರೆಯ ಬೆಲೆ ಬಂದದ್ದು ಅದರ ಸುಖದಿಂದಲ್ಲ, ಕಾಲಕ್ರಮದಲ್ಲಿ ಅದರ ಬಾಗಿಲು ಹೊಸ ಹೊಸ ಜನರಿಗೆ ತೆರೆದುಕೊಂಡದ್ದರಿಂದ. ಆ ಬಾಗಿಲನ್ನು ಮತ್ತೆ ಹಣವಂತರಿಗಷ್ಟೇ ತೆರೆದರೆ ಉಳಿಯುವುದು ಕಟ್ಟಡ ಮಾತ್ರ, ಅದರ ಚರಿತ್ರೆ ಉಳಿಯುವುದಿಲ್ಲ.

ಇದನ್ನು ತಿಳಿಯಬೇಕಾದರೆ ಬೆಟ್ಟದಿಂದ ಇಳಿದು ದಾರಿಗೆ ಬರಬೇಕು. ಮುಳಬಾಗಿಲು ತಾಲ್ಲೂಕಿನ ತಾಯಲೂರು ಆಂಧ್ರದ ಗಡಿಗೆ ಹತ್ತಿರದ ಹೋಬಳಿ ಊರು. ಘಟ್ಟ ಹತ್ತಿ ಬರುವವರೂ ಘಟ್ಟ ಇಳಿದು ಹೋಗುವವರೂ ಶತಮಾನಗಳಿಂದ ತುಳಿದ ಸೀಮೆ ಇದು. ವಿಜಯನಗರದ ಕಾಲದಲ್ಲಿ ಮುಳುವಾಯಿ ರಾಜ್ಯವೆಂದು ಕರೆಸಿಕೊಂಡ ಪ್ರಾಂತ್ಯಕ್ಕೆ ಮುಳಬಾಗಿಲೇ ಕೇಂದ್ರ; ವಿಜಯನಗರದ ರಾಜಕುಮಾರ ಕುಮಾರ ಕಂಪಣ ತಮಿಳು ಸೀಮೆಯ ದಂಡಯಾತ್ರೆಗೆ ಹೊರಟದ್ದು ಇಲ್ಲಿಂದ. ಹರಿದಾಸ ಯತಿ ಶ್ರೀಪಾದರಾಜರ ಬೃಂದಾವನವಿರುವ ನರಸಿಂಹತೀರ್ಥದಲ್ಲಿ ಮಿಂದು ತಿರುಪತಿಗೆ ಮುಂದುವರಿಯುವುದು ಯಾತ್ರಿಕರ ವಾಡಿಕೆಯಾಗಿತ್ತು. ಕಾಲ್ನಡಿಗೆಯ ಆ ದಿನಗಳಲ್ಲಿ ವಸತಿಯೆಂದರೆ ಗುಡಿಯ ಮುಖಮಂಟಪ, ಮಠದ ಜಗಲಿ, ಊರಾಚೆಯ ಛತ್ರ, ಇಲ್ಲವೇ ಮರದಡಿಯ ಅರವಟ್ಟಿಗೆ. ಅರವಟ್ಟಿಗೆಗೂ ಸತ್ರಕ್ಕೂ ಹೊಲಗದ್ದೆ ಬಿಟ್ಟುಕೊಟ್ಟ ದಾನಗಳು ಕರ್ನಾಟಕದ ಶಾಸನಗಳಲ್ಲಿ ಬೇಕಾದಷ್ಟಿವೆ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ನೋಡಿ ಬರೆಯಲು ಹೊರಟ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ 1800ರ ಏಪ್ರಿಲ್‌ನಲ್ಲಿ ಮದರಾಸು ಬಿಟ್ಟು, ಘಟ್ಟವೇರಿ, ತಾಯಲೂರಿಗೆ ಬಹಳ ದೂರವಲ್ಲದ ವೆಂಕಟಗಿರಿಕೋಟೆ, ಬೇತಮಂಗಲ, ಟೇಕಲ್ ಮಾರ್ಗವಾಗಿ ಬೆಂಗಳೂರು ಸೇರಿದ. ದಾರಿಹೋಕರಿಗೆಂದು ಸ್ಥಳೀಯರೇ ಕಟ್ಟಿಸಿದ ಛತ್ರಗಳು ಅವನ ಬರಹದ ಮೊದಲ ಪುಟಗಳಲ್ಲೇ ಕಾಣಿಸಿಕೊಳ್ಳುತ್ತವೆ. ಛತ್ರದ ಹಿಂದಿದ್ದ ಲೆಕ್ಕಾಚಾರ ಗಮನಿಸಬೇಕಾದದ್ದು. ತಂಗುವವನಿಂದ ಹಣ ಪಡೆದು ಕಟ್ಟಡ ಉಳಿಸಿಕೊಳ್ಳುವುದಲ್ಲ, ಜಮೀನಿನ ಹುಟ್ಟುವಳಿಯಿಂದ ಕಟ್ಟಡ ಉಳಿಸಿಕೊಂಡು ತಂಗುವವನಿಗೆ ನೆರಳು ಕೊಡುವುದು. ಕಟ್ಟಿಸಿದವನಿಗೆ ಪುಣ್ಯ, ಬಂದವನಿಗೆ ನಿದ್ದೆ.

ನಂದಿಯಲ್ಲೂ ತಂಗುವ ಕತೆ ಆರಂಭವಾಗುವುದು ಬೆಟ್ಟದ ಬುಡದಲ್ಲಿ. ಭೋಗನಂದೀಶ್ವರನ ಗುಡಿಯ ಚರಿತ್ರೆ 9ನೇ ಶತಮಾನಕ್ಕೆ ಹೋಗುತ್ತದೆ. ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಬೆಳೆಸಿದ ಗುಡಿಯದು. ಅದರ ವಿಶಾಲ ಪ್ರಾಕಾರ, ಕಂಬಸಾಲು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಯಾಣಿಗಳನ್ನು ನೋಡಿದರೆ ದೇವರೊಬ್ಬನಿಗಾಗಿ ಇಷ್ಟು ಜಾಗ ಬೇಕಿರಲಿಲ್ಲ ಎಂಬುದು ತಿಳಿಯುತ್ತದೆ. ಶಿವರಾತ್ರಿಯ ಜಾತ್ರೆಗೆ ಬಂದ ಜನ ಉಳಿಯಲು, ಉಣ್ಣಲು, ಮೀಯಲು ಕಟ್ಟಿದ ಜಾಗವದು. ಬೆಟ್ಟದ ನೆತ್ತಿಯಲ್ಲಿ ಯೋಗನಂದೀಶ್ವರನಿದ್ದಾನೆ, ಅಮೃತ ಸರೋವರವಿದೆ. ಆದರೆ ಮೇಲೆ ತಂಗುವುದು ಕ್ರಮೇಣ ಆಳುವವರ ಹಕ್ಕಾಯಿತು. ಚಿಕ್ಕಬಳ್ಳಾಪುರದ ಪಾಳೆಯಗಾರರ ಕೋಟೆಯನ್ನು ಹೈದರಾಲಿ ಮತ್ತು ಟಿಪ್ಪು ಬಲಪಡಿಸಿದರು. ಟಿಪ್ಪುವಿನ ಬೇಸಿಗೆ ಅರಮನೆ ಅಲ್ಲಿನ್ನೂ ಇದೆ. 1791ರ ಅಕ್ಟೋಬರ್ 19ರಂದು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಲಗ್ಗೆ ಹತ್ತಿ ನಂದಿದುರ್ಗವನ್ನು ಹಿಡಿಯಿತು. ಯಾತ್ರಿಕರು ಕೆಳಗೆ, ಅಧಿಕಾರ ಮೇಲೆ ಎಂಬ ಹಂಚಿಕೆ ಕಬ್ಬನ್ ಬರುವ ಮೊದಲೇ ಗಟ್ಟಿಯಾಗಿತ್ತು. ಪಾರಂಪರಿಕ ವಸತಿಯ ಜಾಹೀರಾತುಗಳು ಚರಿತ್ರೆಯನ್ನು ಬಂಗಲೆಯಿಂದ ಎಣಿಸಲು ಶುರುಮಾಡುತ್ತವೆ. ಸಾವಿರ ವರ್ಷ ಜನರನ್ನು ತಂಗಿಸಿಕೊಂಡ ಕೆಳಗಿನ ಪ್ರಾಕಾರ ಆ ಎಣಿಕೆಗೆ ಬರುವುದೇ ಇಲ್ಲ.

ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್. ಅದಕ್ಕೂ ಮುಂಚೆಯೇ, 1820ರ ದಶಕದ ಆರಂಭದಲ್ಲಿ, ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಊಟಿಯಲ್ಲಿ ಕಲ್ಲುಮನೆ ಕಟ್ಟಿ, ಬಿಸಿಲಿಗೆ ಹೆದರಿದ ಬಿಳಿಯ ಅಧಿಕಾರಿಗಳಿಗೆ ಬೆಟ್ಟದ ದಾರಿ ತೋರಿಸಿದ್ದ. ನಂದಿ ಆ ಸಾಲಿನಲ್ಲಿ ಸಣ್ಣ ಬೆಟ್ಟ. ಅದರ ಅನುಕೂಲವೆಂದರೆ ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್ ಮಾತ್ರ. ಕಚೇರಿಯ ಕಾಗದಪತ್ರ ಬೆಟ್ಟಕ್ಕೆ ಬರಬಹುದಿತ್ತು, ಬೇಕಾದಾಗ ದೊರೆ ಕೆಳಗಿಳಿಯಬಹುದಿತ್ತು. ಆದರೆ ಮೋಟಾರು ರಸ್ತೆಯಿಲ್ಲದ ಕಾಲದಲ್ಲಿ ಬೆಟ್ಟ ಏರಬೇಕೆಂದರೆ ನಡೆಯಬೇಕು, ಕುದುರೆಯೇರಬೇಕು, ಇಲ್ಲವೇ ಇನ್ನೊಬ್ಬರ ಹೆಗಲ ಮೇಲೆ ಕೂರಬೇಕು. ಮೇಜು, ಮಂಚ, ಪಿಂಗಾಣಿ, ಸೌದೆ, ಎಲ್ಲವೂ ಹಳ್ಳಿಯವರ ತಲೆಯ ಮೇಲೆ ಏರಿದವು. ಬಂಗಲೆಯ ತಂಪನ್ನು ಹೊಗಳುವ ಬರಹಗಳಲ್ಲಿ ಈ ಹೊರೆಯಾಳುಗಳ ಮಾತು ಬರುವುದಿಲ್ಲ. ಕಬ್ಬನ್ ಮೈಸೂರಿನಲ್ಲಿ ರಸ್ತೆ, ರೈಲು, ಆಡಳಿತಕ್ಕಾಗಿ ದುಡಿದವನು. 1861ರಲ್ಲಿ ರಾಜೀನಾಮೆಯಿತ್ತು ಊರಿಗೆ ಮರಳುವಾಗ ಸೂಯೆಜ್‌ನಲ್ಲಿ ತೀರಿಕೊಂಡ. ಅವನ ಮೇಲೆ ನನಗೆ ದ್ವೇಷವೇನೂ ಇಲ್ಲ. ಆದರೆ ಅವನು ಅಲ್ಲಿ ಮಲಗಿದ್ದ ಎಂಬ ಒಂದೇ ಕಾರಣಕ್ಕೆ ಒಂದು ಕೊಠಡಿಯ ಗೌರವ ಹೆಚ್ಚುವುದಾದರೆ, ಅವನ ಮಂಚ ಹೊತ್ತು ತಂದವರ ಮೊಮ್ಮಕ್ಕಳು ಆ ಕೊಠಡಿಯಲ್ಲಿ ಒಂದು ರಾತ್ರಿ ಮಲಗಬಲ್ಲರೇ ಎಂಬ ಪ್ರಶ್ನೆಯನ್ನೂ ಅದೇ ಉಸಿರಿನಲ್ಲಿ ಕೇಳಬೇಕು.

ಬೆಟ್ಟದ ಮೇಲಿನ ವಸತಿಯ ಅರ್ಥ ಬದಲಾದದ್ದು 1927ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಖಾದಿ ಪ್ರವಾಸದಲ್ಲಿದ್ದ ಗಾಂಧೀಜಿ ಕೊಲ್ಹಾಪುರದಲ್ಲಿ ರಕ್ತದೊತ್ತಡ ಏರಿ ಕುಸಿದರು. ವೈದ್ಯರು ತಂಪಾದ ಜಾಗದಲ್ಲಿ ವಿಶ್ರಾಂತಿ ಬೇಕೆಂದರು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಆ ಕಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನ ಗಾಂಧೀಜಿಯನ್ನು ನಂದಿಗೆ ಬರಮಾಡಿಕೊಂಡಿತು. ಏಪ್ರಿಲ್ 20ರಿಂದ ಜೂನ್ 5ರವರೆಗೆ, ಸುಮಾರು ಒಂದೂವರೆ ತಿಂಗಳು, ಅವರು ಬೆಟ್ಟದ ಮೇಲಿನ ಸರ್ಕಾರಿ ಬಂಗಲೆಯಲ್ಲಿದ್ದರು. ಅವರ ಆತ್ಮಕಥೆ ಕಂತು ಕಂತಾಗಿ ಪ್ರಕಟವಾಗುತ್ತಿದ್ದ ದಿನಗಳವು. ಅಲ್ಲಿಂದ ಇಳಿದು ಬೆಂಗಳೂರಿನ ಕುಮಾರಪಾರ್ಕಿನಲ್ಲಿ ಚೇತರಿಸಿಕೊಂಡು ಸಂಸ್ಥಾನದ ಊರೂರು ಸುತ್ತಿದರು. 1936ರ ಮೇ ತಿಂಗಳಲ್ಲಿ ವಲ್ಲಭಭಾಯಿ ಪಟೇಲರೊಂದಿಗೆ ಮತ್ತೆ ನಂದಿಗೆ ಬಂದರು. ಬ್ರಿಟಿಷರ ಅಧೀನ ಸಂಸ್ಥಾನವೊಂದು ಬ್ರಿಟಿಷರನ್ನೇ ಎದುರಿಸುತ್ತಿದ್ದ ಮನುಷ್ಯನಿಗೆ, ಬ್ರಿಟಿಷ್ ಅಧಿಕಾರಿಗಳ ಹಳೆಯ ಬೇಸಿಗೆ ಬೆಟ್ಟದಲ್ಲಿ, ಜನರ ತೆರಿಗೆಯ ಹಣದಿಂದ ಆಶ್ರಯ ಕೊಟ್ಟಿತು. ಇದು ಐಷಾರಾಮದ ಆತಿಥ್ಯವಲ್ಲ. ಕಾಯಿಲೆಯವನಿಗೆ, ಅಲೆಮಾರಿಗೆ, ಯಾತ್ರಿಕನಿಗೆ ಬಾಗಿಲು ತೆಗೆಯುತ್ತಿದ್ದ ಛತ್ರದ ಧರ್ಮ ಅಂದು ಬಂಗಲೆಯೊಳಕ್ಕೆ ಕಾಲಿಟ್ಟಿತು ಎಂದೇ ನಾನು ಓದುತ್ತೇನೆ. ಮುಂದೆ 1986ರ ನವೆಂಬರ್‌ನಲ್ಲಿ ಬೆಂಗಳೂರಿನ ಸಾರ್ಕ್ ಶೃಂಗಸಭೆಗೆ ಬಂದ ಏಳು ದೇಶಗಳ ನಾಯಕರು ಇದೇ ಬೆಟ್ಟದಲ್ಲಿ ಕೂತು ಮಾತಾಡಿದರು. 2025ರ ಜುಲೈ 2ರಂದು ರಾಜ್ಯದ ಸಚಿವ ಸಂಪುಟ ಇಲ್ಲಿ ಸಭೆ ಸೇರಿತು. ಸ್ವಾತಂತ್ರ್ಯದ ನಂತರ ತೋಟಗಾರಿಕೆ ಮತ್ತು ಪ್ರವಾಸೋದ್ಯಮದ ಸರ್ಕಾರಿ ಕೈಗಳಲ್ಲಿ ಬೆಟ್ಟದ ಮೇಲಿನ ಹಳೆಯ ನಿಲಯಗಳು ಸಾಮಾನ್ಯ ಪ್ರವಾಸಿಗೂ ಸಿಕ್ಕವು. ಶಾಲಾ ಮೇಷ್ಟರು, ಬ್ಯಾಂಕಿನ ಗುಮಾಸ್ತರು ಸಂಸಾರ ಸಮೇತ ಕಬ್ಬನ್ನನ ಬೆಟ್ಟದಲ್ಲಿ ಬೆಳಗು ಕಾಣುವಂತಾದದ್ದು ನಂದಿಯ ಚರಿತ್ರೆಯಲ್ಲಿ ಕೋಟೆ ಬಿದ್ದ ದಿನಕ್ಕಿಂತ ಕಡಿಮೆ ಘಟನೆಯಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು: ಅಗ್ಗದ ವಸತಿಯಿಂದ ಹಳೆಯ ಕಟ್ಟಡ ಉಳಿಯದು, ಗಾರೆ ಉದುರುತ್ತದೆ, ತೊಲೆ ಗೆದ್ದಲು ಹಿಡಿಯುತ್ತದೆ, ಸರ್ಕಾರಿ ನಿರ್ಲಕ್ಷ್ಯ ಎಲ್ಲರಿಗೂ ಗೊತ್ತು, ಸಿರಿವಂತರ ಬಾಡಿಗೆಯೊಂದೇ ಅದನ್ನು ಕಾಪಾಡಬಲ್ಲದು. ನಿರ್ಲಕ್ಷ್ಯದ ಮಾತು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಐಷಾರಾಮವೇ ಕಾಪಾಡುತ್ತದೆ ಎಂಬುದಕ್ಕೆ ಸಾಕ್ಷಿ ಅಷ್ಟು ಗಟ್ಟಿಯಾಗಿಲ್ಲ. ಚಾಮುಂಡಿ ಬೆಟ್ಟದ ಮೇಲಿನ ರಾಜೇಂದ್ರ ವಿಲಾಸ ಅರಮನೆ ಹೋಟೆಲಾಗಿ ಕೆಲಕಾಲ ನಡೆದು ಮುಚ್ಚಿಹೋಯಿತು. ಅರಮನೆಯೆಂಬ ಹೆಸರು, ಬೆಟ್ಟದ ನೋಟ, ಯಾವುದೂ ಅದನ್ನು ಹೋಟೆಲಾಗಿ ಉಳಿಸಲಿಲ್ಲ. ಅದೇ ಬೆಟ್ಟದ ತಪ್ಪಲಿನ ಲಲಿತಮಹಲ್, ವೈಸರಾಯರ ವಸತಿಗೆಂದು 1921ರಲ್ಲಿ ಅಡಿಗಲ್ಲು ಕಂಡದ್ದು, 1974ರಿಂದ ಹೋಟೆಲಾಗಿ ಬದುಕಿತು. ಆದರೆ ಅದನ್ನು ದಶಕಗಳ ಕಾಲ ನಡೆಸಿದ್ದು ಸರ್ಕಾರಿ ಸಂಸ್ಥೆಯೇ. ಇನ್ನೊಂದು ಕಡೆ ಬೆಂಗಳೂರಿನ ರೈಲು ನಿಲ್ದಾಣದ ಬಳಿಯ ಗುಬ್ಬಿ ತೋಟದಪ್ಪನವರ ಛತ್ರ ನೋಡಿ. ಮಕ್ಕಳಿಲ್ಲದ ವ್ಯಾಪಾರಿಯೊಬ್ಬರು ತಮ್ಮ ಆಸ್ತಿಯನ್ನು ಧರ್ಮಕ್ಕೆ ಬಿಟ್ಟು ಕಟ್ಟಿಸಿದ ಆ ಛತ್ರ 1903ರಲ್ಲಿ ಬಾಗಿಲು ತೆರೆಯಿತು. ಹಳ್ಳಿಯಿಂದ ಆಸ್ಪತ್ರೆಗೆ, ಕೋರ್ಟಿಗೆ, ಪರೀಕ್ಷೆಗೆ ಬಂದವರಿಗೆ ಶತಮಾನ ದಾಟಿಯೂ ಅದು ಆಸರೆಯಾಗಿದೆ. ಅದನ್ನು ಉಳಿಸಿದ್ದು ತಂಗುವವರ ಸಿರಿತನವಲ್ಲ, ಮೀಸಲಿಟ್ಟ ಆಸ್ತಿಯ ವರಮಾನ. ನಂದಿಗೆ ಬರುವ ಲಕ್ಷಾಂತರ ಜನ ಕೊಡುವ ಪ್ರವೇಶ ಶುಲ್ಕ, ವಾಹನ ಶುಲ್ಕದಲ್ಲಿ ಒಂದು ಪಾಲನ್ನು ಹೀಗೆಯೇ ಹಳೆಯ ಕಟ್ಟಡಗಳಿಗೆ ಕಟ್ಟಿಟ್ಟರೆ ಅದು ಹೊಸ ಸಾಹಸವೇನಲ್ಲ, ಈ ನೆಲದ ಹಳೆಯ ಪದ್ಧತಿ.

ಎರಡನೆಯ ಆಕ್ಷೇಪ ನನ್ನ ವಾದದ ಬುಡಕ್ಕೇ ಬರುತ್ತದೆ. ಛತ್ರವನ್ನು ಇಷ್ಟು ಹೊಗಳುವಿರಲ್ಲ, ಛತ್ರದ ಬಾಗಿಲು ಎಲ್ಲರಿಗೂ ತೆರೆದಿತ್ತೇ? ಇರಲಿಲ್ಲ. ಎಷ್ಟೋ ಛತ್ರಗಳಲ್ಲಿ ಜಾತಿಗೊಂದು ಪಂಕ್ತಿ, ಜಾತಿಗೊಂದು ಅಂಗಳವಿತ್ತು. ಕೆಲವರಿಗೆ ಜಗಲಿಯೂ ಸಿಗುತ್ತಿರಲಿಲ್ಲ, ಅರವಟ್ಟಿಗೆಯ ನೀರನ್ನೂ ದೂರ ನಿಂತು ಬೊಗಸೆಯೊಡ್ಡಿ ಕುಡಿಯಬೇಕಿತ್ತು. ಕೋಲಾರ ಜಿಲ್ಲೆಯಲ್ಲಿ ಈ ನೆನಪು ಹಳೆಯದಲ್ಲ. ದಲಿತ ಚಳವಳಿ ಇಲ್ಲಿ ಆಳವಾಗಿ ಬೇರುಬಿಟ್ಟದ್ದಕ್ಕೆ ಇಂಥ ಅವಮಾನಗಳೇ ಕಾರಣ. ಆ ಮಟ್ಟಿಗೆ, ಕಾಸು ಕೊಟ್ಟವನಿಗೆ ಜಾತಿ ಕೇಳದೆ ಕೊಠಡಿ ಕೊಡುವ ಹೋಟೆಲು ದೊಡ್ಡ ಬಿಡುಗಡೆಯೇ ಸರಿ, ಅದನ್ನು ಒಪ್ಪಲೇಬೇಕು. ಆದ್ದರಿಂದ ನಾನು ಕೇಳುವುದು ಹಳೆಯ ಛತ್ರ ಮರಳಿ ಬರಲಿ ಎಂದಲ್ಲ. ಛತ್ರದಲ್ಲಿ ಬಡತನ ಅಡ್ಡಿಯಾಗಿರಲಿಲ್ಲ, ಹುಟ್ಟು ಅಡ್ಡಿಯಾಗಿತ್ತು. ಹೋಟೆಲಿನಲ್ಲಿ ಹುಟ್ಟು ಅಡ್ಡಿಯಲ್ಲ, ಬಡತನ ಅಡ್ಡಿ. ಈ ಎರಡು ಅಡ್ಡಿಗಳನ್ನೂ ಒಟ್ಟಿಗೆ ತೆಗೆಯುವ ಅವಕಾಶ ಸಾರ್ವಜನಿಕ ಅತಿಥಿಗೃಹಕ್ಕೆ ಮಾತ್ರ ಇದೆ. ಸಂವಿಧಾನದ 15ನೇ ವಿಧಿ ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿ ಭೇದ ಕೂಡದೆಂದು ಸಾರಿರುವಾಗ, ಸರ್ಕಾರದ್ದೇ ಬಂಗಲೆ ಬಾಡಿಗೆಯ ಮೂಲಕ ಹೊಸ ಭೇದವೊಂದನ್ನು ತಂದರೆ ಅದು ಹಿಂದಕ್ಕಿಟ್ಟ ಹೆಜ್ಜೆ.

ದರ ಇಳಿಸಿದರೆ ಜನ ಮುಗಿಬಿದ್ದು ಬೆಟ್ಟ ಹಾಳಾಗುತ್ತದೆ ಎಂಬ ಮಾತೂ ಇದೆ. ವಾರಾಂತ್ಯದ ಬೆಳಗಿನ ಜಾವ ನಂದಿಯ ತಿರುವುಗಳಲ್ಲಿ ಸಾಲುಗಟ್ಟುವ ಕಾರು, ಬೈಕುಗಳನ್ನು ಬಲ್ಲವರಿಗೆ ಈ ಆತಂಕ ಅರ್ಥವಾಗುತ್ತದೆ. ಪಾಲಾರ್, ಪಿನಾಕಿನಿ, ಅರ್ಕಾವತಿಗಳು ಈ ಗಿರಿಸಾಲಿನ ಸುತ್ತ ಹುಟ್ಟುವವು. ಪಾಲಾರಿನ ನೀರನ್ನು ಕಾದು ಕೂತ ಬೇತಮಂಗಲದ ಕಡೆಯ ಊರುಗಳಿಗೆ ಬೆಟ್ಟದ ಕಾಡು ಉಳಿಯುವುದು ಬೇಸಾಯದ ಪ್ರಶ್ನೆ. ಆದರೆ ಬೆಟ್ಟಕ್ಕೆ ಭಾರವಾಗುವುದು ಬೆಳಗಿಗೆ ಬಂದು ಮಧ್ಯಾಹ್ನ ಇಳಿಯುವ ವಾಹನಗಳೇ ಹೊರತು ರಾತ್ರಿ ತಂಗುವ ಬೆರಳೆಣಿಕೆಯ ಸಂಸಾರಗಳಲ್ಲ. ಕೊಠಡಿಗಳ ಸಂಖ್ಯೆ ಗೊತ್ತುಪಡಿಸಿದ್ದು. ಬಾಡಿಗೆ ಎಷ್ಟೇ ಇರಲಿ, ತಂಗುವವರ ಸಂಖ್ಯೆ ಬದಲಾಗದು. ಬದಲಾಗುವುದು ಅವರು ಯಾರು ಎಂಬುದು ಮಾತ್ರ. 2023ರಲ್ಲಿ ಶಂಕುಸ್ಥಾಪನೆಯಾದ ರೋಪ್‌ವೇ ಮುಗಿದ ಮೇಲೆ ಬೆಟ್ಟದ ಆಸ್ತಿಗಳ ಮೇಲೆ ಹಣದ ಕಣ್ಣು ಇನ್ನಷ್ಟು ಬೀಳುತ್ತದೆ. ಅದಕ್ಕೆ ಮುಂಚೆ ಸರ್ಕಾರ ಒಂದು ತೀರ್ಮಾನ ಮಾಡಬೇಕು: ನೆಹರೂ ನಿಲಯವನ್ನಾಗಲಿ, ನಂದಿಯ ಇತರ ಹಳೆಯ ನಿಲಯಗಳನ್ನಾಗಲಿ ಖಾಸಗಿ ಐಷಾರಾಮಿ ಹೋಟೆಲಿಗೆ ಗುತ್ತಿಗೆ ಕೊಡಬಾರದು, ದುರಸ್ತಿಗೆ ಪ್ರವೇಶ ಶುಲ್ಕದಿಂದ ಪ್ರತ್ಯೇಕ ನಿಧಿ ಇಡಬೇಕು, ಕೊಠಡಿಗಳಲ್ಲಿ ಒಂದು ಪಾಲನ್ನು ಸಾಧಾರಣ ಸಂಸಾರಕ್ಕೆ ಎಟುಕುವ ದರದಲ್ಲಿ, ಶಿಫಾರಸಿಲ್ಲದೆ, ಸರದಿಯಂತೆ ಕೊಡಬೇಕು. ಗೋಡೆಯ ಮೇಲೆ ಕಬ್ಬನ್ನನ ಹೆಸರಿನ ಜೊತೆಗೆ ಗಾಂಧೀಜಿ ಇಳಿದುಕೊಂಡ ದಿನಾಂಕಗಳನ್ನೂ, ಹೊರೆ ಹೊತ್ತ ಹಳ್ಳಿಗಳ ಜನರನ್ನೂ ಕನ್ನಡದಲ್ಲಿ ಬರೆಯಬೇಕು. ತಾಯಲೂರಿನ ಕಡೆಯ ರೇಷ್ಮೆ ಬೆಳೆಗಾರನೊಬ್ಬ ಆ ಬಂಗಲೆಯ ಕೊಠಡಿಯನ್ನು ತನ್ನ ದುಡಿಮೆಯ ಹಣದಲ್ಲಿ ಕಾಯ್ದಿರಿಸುವಂತಾಗಬೇಕೆಂದು ಕೋಲಾರದ, ಚಿಕ್ಕಬಳ್ಳಾಪುರದ ಶಾಸಕರು ಸದನದಲ್ಲಿ ಕೇಳಲಿ, ಓದುಗರೂ ತಮ್ಮ ಶಾಸಕರಿಗೆ ಬರೆಯಲಿ.