ಅಪ್ಪಯ್ಯನ ಬೆಲ್ ಬಾಟಂ, ಟೋಕಿಯೋದ ಖಾಕಿ

ಈ ವಾರ ಹಳೇ ಬಟ್ಟೆಯ ಚರಿತ್ರೆ. ರಾಜರ ಪೀತಾಂಬರದ್ದಲ್ಲ, ನಮ್ಮ ನಿಮ್ಮ ಮನೆಯಲ್ಲಿ ಹರಿದು, ಬಣ್ಣ ಹೋಗಿ, ಕೊನೆಗೆ ನೆಲ ಒರೆಸೋಕೆ ಹೋಗುತ್ತಲ್ಲ, ಆ ಬಟ್ಟೆಯದ್ದು.

ಎರಡು ವರ್ಷದ ಹಿಂದೆ ಕೆಲಸದ ಮೇಲೆ ಟೋಕಿಯೋಗೆ ಹೋಗಿದ್ದೆ. ಒಂದು ಭಾನುವಾರ ಪುರುಸೊತ್ತಿತ್ತು, ಶಿಮೋಕಿತಾಜಾವಾ ಅನ್ನೋ ಬಡಾವಣೆಗೆ ಹೋದೆ. ಸಣ್ಣ ಸಣ್ಣ ಓಣಿ, ಓಣಿ ತುಂಬ ಹಳೇ ಬಟ್ಟೆಯ ಅಂಗಡಿ. ಜಪಾನಿಯರು ಇದಕ್ಕೆ ‘ಫುರುಗಿ’ ಅಂತಾರೆ. ಅರ್ಥ ಹಳೇ ಉಡುಪು, ಅಷ್ಟೇ. ಹುಡುಗ ಹುಡುಗಿಯರು ಅಜ್ಜನ ಕೋಟಿನ ಮೇಲೆ ಅಜ್ಜಿಯ ಬ್ರೂಚ್ ಚುಚ್ಚಿಕೊಂಡು ಓಡಾಡ್ತಿದ್ರು. ಒಂದು ಅಂಗಡಿಯಲ್ಲಿ ಅಮೆರಿಕದ ಸೈನ್ಯದ ಹಳೇ ಖಾಕಿ ಪ್ಯಾಂಟು ತೂಗುಹಾಕಿದ್ದರು. ಬುಡ ನೂಲು ಬಿಟ್ಟಿತ್ತು, ಮಂಡಿಯ ಹತ್ತಿರ ಸವೆದಿತ್ತು. ಬೆಲೆ 12,000 ಯೆನ್. ನಮ್ಮ ದುಡ್ಡಲ್ಲಿ ಆರು ಸಾವಿರ ರೂಪಾಯಿಯ ಮೇಲೆ.

ನನಗೆ ಅಜ್ಜನ ಚಡ್ಡಿ ನೆನಪಾಯ್ತು. ಕೆರಾಡಿಯ ನಮ್ಮ ತೋಟದಲ್ಲಿ ಅಜ್ಜ ತಲೆಗೆ ಹಾಳೆ ಟೊಪ್ಪಿ, ಹೆಗಲಿಗೆ ಬೈರಾಸು, ಸೊಂಟಕ್ಕೆ ಕುಂದಾಪುರ ಸಂತೆಯಿಂದ ತಂದ ಖಾಕಿ ಚಡ್ಡಿ ಹಾಕಿಕೊಂಡು ಕೆಲಸ ಮಾಡ್ತಿದ್ರು. ಆ ಚಡ್ಡಿಯೂ ಹೀಗೇ ಸವೆದಿತ್ತು. ಅದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ.

ವಿಚಿತ್ರ ಅಂದರೆ, ಆ ಎರಡೂ ಬಟ್ಟೆಗೆ ನಮ್ಮ ಕರಾವಳಿಯ ನಂಟಿದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರವಾದವರಿಗೆ ಜಾತಿಯ ಕಸುಬು ತಪ್ಪಿತಲ್ಲ, ಅವರ ಹೊಟ್ಟೆಪಾಡಿಗೆ ಮಿಷನ್ ನೇಯ್ಗೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಅಂತ ಒಂದೊಂದೇ ಶುರು ಮಾಡಿತು. 1851ರಲ್ಲಿ ಜಾನ್ ಹಾಲರ್ ಎಂಬ ನೇಕಾರ ಬಂದು ಹೊಸ ಬಗೆಯ ಮಗ್ಗ ಹೂಡಿದ. ಅವನ ಕಾರ್ಖಾನೆಯಲ್ಲೇ ಖಾಕಿ ಬಣ್ಣ ತಯಾರಾಯ್ತು, ಮುಂದೆ ಬ್ರಿಟಿಷ್ ಸೇನಾಧಿಕಾರಿ ಲಾರ್ಡ್ ರಾಬರ್ಟ್ಸ್ ಅದನ್ನು ನೋಡಿ ಮೆಚ್ಚಿ ಸೈನ್ಯಕ್ಕೆ ಶಿಫಾರಸು ಮಾಡಿದ ಅನ್ನೋದು ಮಂಗಳೂರಿನಲ್ಲಿ ಎಲ್ಲರೂ ಹೇಳುವ ಕತೆ.

ಇಲ್ಲಿ ಸ್ವಲ್ಪ ತಡೆದು ಮಾತಾಡಬೇಕು. ಖಾಕಿ ಮಂಗಳೂರಿನಲ್ಲೇ ಹುಟ್ಟಿತು ಅಂತ ಎದೆ ತಟ್ಟಿಕೊಳ್ಳೋದು ಜಾಸ್ತಿಯಾಯ್ತು. ‘ಖಾಕ್’ ಅಂದರೆ ಪಾರ್ಸಿ ಭಾಷೆಯಲ್ಲಿ ಧೂಳು. 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ‘ಕೋರ್ ಆಫ್ ಗೈಡ್ಸ್’ ಪಡೆ ಆಗಲೇ ಧೂಳಿನ ಬಣ್ಣದ ಉಡುಪು ಹಾಕುತ್ತಿತ್ತು. ಮಂಗಳೂರಿನ ಕತೆ ಬಣ್ಣದ್ದು ಮತ್ತು ಮಗ್ಗದ್ದು, ಕಲ್ಪನೆಯದ್ದಲ್ಲ. ಅಷ್ಟೇ ಆದರೂ ಸಣ್ಣ ಮಾತಲ್ಲ.

ಅಲ್ಲಿಂದ ಖಾಕಿ ದೇಶಾಂತರ ಹೊರಟಿತು. 1898ರ ಸ್ಪೇನ್ ಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯವೂ ಅದನ್ನು ತೊಟ್ಟಿತು. ಎರಡನೇ ಮಹಾಯುದ್ಧ ಮುಗಿಸಿ ಕಾಲೇಜಿಗೆ ಸೇರಿದ ಸೈನಿಕರು ಅದೇ ಪ್ಯಾಂಟಿನಲ್ಲಿ ತರಗತಿಗೆ ಹೋದರು. ಸೋತ ಜಪಾನಿನಲ್ಲಿ 1945ರಿಂದ 1952ರವರೆಗೆ ಅಮೆರಿಕದ ಸೇನೆ ಕೂತಿತ್ತು. ಆಗ ಟೋಕಿಯೋದ ಉಎನೋ ಸ್ಟೇಷನ್ನಿನ ಪಕ್ಕ ರೈಲುಹಳಿಯ ಕೆಳಗೆ ಕಾಳಸಂತೆ ಎದ್ದಿತು. ಸೈನ್ಯದಿಂದ ಹೊರಬಿದ್ದ ಬಟ್ಟೆಬರೆ ಅಲ್ಲಿ ಮಾರಾಟಕ್ಕೆ ಬರ್ತಿತ್ತು. ಇವತ್ತಿಗೂ ಆ ಜಾಗದ ಹೆಸರು ಅಮೆಯೊಕೋ. ಈ ಫ್ಯಾಷನ್ನಿನ ಬುಡದಲ್ಲಿರೋದು ಚಂದದ ಆಸೆಯಲ್ಲ, ಹಸಿವು ಮತ್ತು ಸೋಲು.

ಆಮೇಲೆ 1964. ಗಿಂಜಾದ ಮಿಯುಕಿ ರಸ್ತೆಯಲ್ಲಿ ಹದಿಹರೆಯದ ಹುಡುಗರು ಅಮೆರಿಕದ ಕಾಲೇಜು ಹುಡುಗರ ಹಾಗೆ ಗಿಡ್ಡ ಪ್ಯಾಂಟು ಹಾಕಿ, ಕೈಯಲ್ಲೊಂದು ಕಾಗದದ ಚೀಲ ಹಿಡಿದು ಸುಮ್ಮನೆ ನಿಲ್ಲೋರು. ಒಲಿಂಪಿಕ್ಸ್ ಹತ್ತಿರ ಬಂದಿತ್ತು, ಊರಿನ ಮರ್ಯಾದೆ ಹೋಗುತ್ತೆ ಅಂತ ಪೊಲೀಸರು ಅವರನ್ನು ಹಿಡಿದು ಠಾಣೆಗೆ ಒಯ್ದರು. ಬಟ್ಟೆ ಹಾಕಿದ್ದೇ ತಪ್ಪು! ಹರಾಜುಕುನಲ್ಲಿ 1977ರಿಂದ ಭಾನುವಾರ ವಾಹನ ನಿಲ್ಲಿಸಿ ರಸ್ತೆಯನ್ನು ಜನರಿಗೆ ಬಿಟ್ಟಾಗ ಅಲ್ಲಿ ಕುಣಿದ ಹುಡುಗರು, 1997ರಲ್ಲಿ ಶೋಯಿಚಿ ಆಓಕಿ ‘ಫ್ರೂಟ್ಸ್’ ಪತ್ರಿಕೆಗಾಗಿ ಫೋಟೋ ತೆಗೆದ ಹುಡುಗಿಯರು, ಎಲ್ಲರೂ ಆ ಮಿಯುಕಿ ರಸ್ತೆಯವರ ತಮ್ಮ ತಂಗಿಯರೇ.

ಈಗ ನಮ್ಮೂರಿಗೆ ಬರೋಣ.

ನಮ್ಮ ಮನೆಯಲ್ಲೂ ಒಬ್ಬರು ಇದ್ದರು, ಅಪ್ಪಯ್ಯ. ಕುಂದಾಪುರದ ಕಡೆಯ ಎಷ್ಟೋ ಹುಡುಗರ ಹಾಗೆ ಮೀಸೆ ಮೂಡುವ ಮೊದಲೇ ಬೊಂಬಾಯಿಯ ಹೋಟೆಲಿಗೆ ಹೋದವರು. ಹಗಲು ಲೋಟ ತೊಳೆಯೋದು, ರಾತ್ರಿ ಶಾಲೆ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಅಲ್ಲಿಯವರೆಗೆ ಊರಿಗೆ ಬರೋದಂದ್ರೆ ಬಸ್ಸಿನಲ್ಲಿ ಮೈಕೈ ನುಗ್ಗಾಗೋ ಪ್ರಯಾಣ. ಹಾಗೆ ಬರುವಾಗ ಅಪ್ಪಯ್ಯ ಇಳಿಯುತ್ತಿದ್ದದ್ದು ಬೆಲ್ ಬಾಟಂನಲ್ಲಿ. ಟೆರಿಕಾಟ್ ಪ್ಯಾಂಟು, ತೊಡೆ ಬಿಗಿ, ಬುಡ ಮೊರದಷ್ಟಗಲ. ಬಸ್ಸಿಳಿದು ಮನೆಗೆ ಗದ್ದೆಯ ಅಂಚಿನ ಮೇಲೆ ನಡೀಬೇಕು, ಮಳೆಗಾಲವಾದ್ರೆ ಕೆಸರು. ಅಷ್ಟು ಚಂದದ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು ಬರ್ತಿದ್ರಂತೆ. ಅಮ್ಮ ಈಗಲೂ ಹೇಳಿ ನಗ್ತಾರೆ.

ಬೆಲ್ ಬಾಟಂ ಕೂಡ ಮೊದಲು ಹಡಗಿನವರ ಉಡುಪು. 1960ರ ದಶಕದಲ್ಲಿ ಅಮೆರಿಕದ ಹುಡುಗರು ನೌಕಾಪಡೆಯ ಹಳೇ ಸರಕಿನ ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡು ತೊಟ್ಟರು. ಯುದ್ಧ ಬೇಡ ಅಂದವರು ಯುದ್ಧದ ಬಟ್ಟೆಯಲ್ಲೇ ಮೆರವಣಿಗೆ ಹೋದರು. ಅಲ್ಲಿಂದ ಸಿನಿಮಾಕ್ಕೆ, ‘ಹರೇ ರಾಮ ಹರೇ ಕೃಷ್ಣ’ದಂಥ ಹಿಪ್ಪಿ ಚಿತ್ರ ಬಂದ 1971ರ ಆಸುಪಾಸಿನಲ್ಲಿ ಬೊಂಬಾಯಿಯ ದರ್ಜಿಗಳ ಕತ್ತರಿಗೆ, ಕೊನೆಗೆ ಕೆರಾಡಿಯ ಗದ್ದೆಗೆ.

ಅಪ್ಪಯ್ಯ ತೀರಿಕೊಂಡ ಮೇಲೆ ಅವರ ಪೆಟ್ಟಿಗೆ ಅಟ್ಟದಲ್ಲಿತ್ತು. 2019ರಲ್ಲಿ ‘ಬೆಲ್ ಬಾಟಂ’ ಸಿನಿಮಾ ಬಂತು, 80ರ ದಶಕದ ಪತ್ತೇದಾರಿ ಕತೆ. ನಾಯಕ ನಮ್ಮೂರಿನವರೇ, ರಿಷಬ್ ಶೆಟ್ಟಿ. ಅದನ್ನು ನೋಡಿದ್ದೇ ನನಗೆ ಆ ಪ್ಯಾಂಟು ಬೇಕು ಅನ್ನಿಸಿತು. ಅಮ್ಮನಿಗೆ ಫೋನ್ ಮಾಡಿದೆ.

“ಅದಾ? ಪಾತ್ರೆಯವಳಿಗೆ ಕೊಟ್ಟೆ ಮಾರಾಯಾ. ಒಂದ್ ಸ್ಟೀಲ್ ತಪ್ಲಿ ಕೊಟ್ಲ್.”

“ಅಮ್ಮಾ, ಅಪ್ಪಯ್ಯಂದಲ್ದಾ ಅದು!”

“ನಂಗ್ ಎಂತ ಗೊತ್ತಿತ್ತ್ ಮಗಾ? ನೀನ್ ಒಂದ್ ಸಲವೂ ಕೇಳ್ಲಿಲ್ಲ.”

ಸತ್ಯ, ನಾನು ಕೇಳಿರಲಿಲ್ಲ.

ಪ್ಯಾಂಟು ಮಾತ್ರ ಅಲ್ಲ, ಅಜ್ಜಿಯ ಎರಡು ಉಡುಪಿ ಸೀರೆಯೂ ಅದೇ ಗಂಟಿನಲ್ಲಿ ಹೋಗಿತ್ತು. ನನಗೆ ಹೆಚ್ಚು ನೋವಾಗೋದು ಅದರದ್ದು. ಬೆಲ್ ಬಾಟಂ ಎಲ್ಲಾದರೂ ಸಿಗುತ್ತೆ. ಕೈಮಗ್ಗದ ಹತ್ತಿಯ ಆ ತೆಳು ಸೀರೆ ನೇಯುವ ಶೆಟ್ಟಿಗಾರರು ಒಂದು ಹಂತದಲ್ಲಿ ಬೆರಳೆಣಿಕೆಗೆ ಇಳಿದಿದ್ದರು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ ಮತ್ತು ಕದಿಕೆ ಟ್ರಸ್ಟ್ ಸೇರಿ ಈಚಿನ ವರ್ಷಗಳಲ್ಲಿ ಮತ್ತೆ ಮಗ್ಗ ಹೂಡಿಸಿದ್ದಾರೆ.

ಬಟ್ಟೆ ಕೊಟ್ಟು ಪಾತ್ರೆ ತಗೊಳ್ಳೋದು ಏನು ಸಣ್ಣ ವ್ಯಾಪಾರ ಅಂದುಕೋಬೇಡಿ. ಮುಂಬೈಯಲ್ಲಿ, ದೆಹಲಿಯಲ್ಲಿ ವಾಘ್ರಿ ಸಮುದಾಯದ ಹೆಂಗಸರು ಇದನ್ನು ತಲೆಮಾರುಗಳಿಂದ ಮಾಡ್ತಾ ಬಂದಿದ್ದಾರೆ. ಮನೆಮನೆಯಿಂದ ಬಂದದ್ದನ್ನು ಒಗೆದು, ಹರಿದದ್ದು ಹೊಲಿದು, ಬಡವರ ಸಂತೆಗೆ ಹಾಕ್ತಾರೆ. ಉಪಯೋಗಕ್ಕೇ ಬಾರದ ಬಟ್ಟೆ ಮತ್ತೆ ನೂಲಾಗುತ್ತೆ. ಪಾಣಿಪತ್ತಿನಲ್ಲಿ ಹಳೇ ಉಣ್ಣೆಯನ್ನು ಎಳೆ ಬಿಡಿಸಿ ಕಂಬಳಿ ಮಾಡೋ ಉದ್ಯಮವೇ ಇದೆ. ಕಾಂಡ್ಲಾದಲ್ಲಿ ವಿದೇಶದ ಹಳೇ ಬಟ್ಟೆಯನ್ನು ಬೇರೆ ಬೇರೆ ಮಾಡಿ ಮತ್ತೆ ಹೊರದೇಶಕ್ಕೆ ಕಳಿಸ್ತಾರೆ. ಬ್ಯಾಂಕಾಕಿನ ಚತುಚಕ್ ಸಂತೆಯಲ್ಲಿ ಪ್ರವಾಸಿಗರು ‘ವಿಂಟೇಜ್’ ಅಂತ ಮುಗಿಬಿದ್ದು ಕೊಳ್ಳುವ ಅಂಗಿಯ ಹಿಂದೆಯೂ ಹೀಗೆ ರಾಶಿಯ ಮುಂದೆ ಕೂತು ಆರಿಸಿದ ಕೈಗಳಿರುತ್ತವೆ. ಆ ಕೈಯವರಿಗೆ ಎಷ್ಟು ಸಿಕ್ಕಿತು ಅಂತ ಯಾವ ಅಂಗಡಿಯ ಚೀಟಿಯಲ್ಲೂ ಬರೆದಿರಲ್ಲ.

2022ರಲ್ಲಿ ಬಂದ ‘ಕಾಂತಾರ’ದ ಚಿತ್ರೀಕರಣ ನಡೆದದ್ದು ಕೆರಾಡಿಯಲ್ಲೇ. ಕತೆಯ ಬಹುಭಾಗ ನಡೆಯೋದು 1990ರಲ್ಲಿ. ವಸ್ತ್ರವಿನ್ಯಾಸ ಪ್ರಗತಿ ಶೆಟ್ಟಿಯವರದ್ದು. ಲುಂಗಿ, ಹೂವಿನ ಅಂಗಿ, ಸೊಂಟದ ಬೈರಾಸು, ಎಲ್ಲವನ್ನೂ ತೆರೆಯ ಮೇಲೆ ನೋಡುವಾಗ, ಇದೆಲ್ಲ ನಮ್ಮನೆ ಹಗ್ಗದ ಮೇಲೆ ಒಣಗುತ್ತಿತ್ತಲ್ಲ ಅನ್ನಿಸಿತು. ಆದರೆ ಅದೇ ಸಿನಿಮಾದಲ್ಲಿ ಅರಣ್ಯಾಧಿಕಾರಿಯ ಮೈಮೇಲೂ ಖಾಕಿಯಿದೆ. ನಮ್ಮ ಘಟ್ಟದ ಬುಡದ ಊರುಗಳಲ್ಲಿ ಖಾಕಿ ಅಂದರೆ ಕಾಡಿಗೆ ಸೊಪ್ಪಿಗೆ ಹೋದವರನ್ನು ತಡೆದು ನಿಲ್ಲಿಸುವ ಬಣ್ಣ. ಚಡ್ಡಿ ಹಾಕಿಕೊಂಡ ಅಜ್ಜನೇ ದೂರದಲ್ಲಿ ಖಾಕಿ ಕಂಡರೆ ಸೊಪ್ಪಿನ ಹೊರೆ ಇಳಿಸಿ ಪಕ್ಕಕ್ಕೆ ಸರೀತಿದ್ರು. ಟೋಕಿಯೋದ ಹುಡುಗನಿಗೆ ಈ ಹೆದರಿಕೆ ಗೊತ್ತಿಲ್ಲ, ಅದು ಅವನ ತಪ್ಪೂ ಅಲ್ಲ. ನಾನು ಆ ಪ್ಯಾಂಟನ್ನು ಕೊಳ್ಳದೆ ವಾಪಸ್ ಇಟ್ಟದ್ದಕ್ಕೆ ಬೆಲೆಯೊಂದೇ ಕಾರಣವಾಗಿರಲಿಲ್ಲ.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲು ಹೊರಟಿದ್ದ ಹಳೇ ಮನೆಗಳ ಕಂಬ, ಬಾಗಿಲು, ತೊಲೆಗಳನ್ನು ತಂದು ಹಸ್ತಶಿಲ್ಪದಲ್ಲಿ ಮತ್ತೆ ಮನೆಗಳಾಗಿ ನಿಲ್ಲಿಸಿದರು. ಮರಕ್ಕೆ ಅಂಥವರೊಬ್ಬರು ಸಿಕ್ಕರು. ದುಡಿಯುವವರ ಬಟ್ಟೆ ಅಷ್ಟು ದಿನ ಬಾಳೋದೂ ಇಲ್ಲ. ಕರಾವಳಿಯ ಮಳೆ, ಗೆದ್ದಲು, ಆಮೇಲೆ ನಮ್ಮಂಥ ಮಕ್ಕಳು.

ಹೋದ ತಿಂಗಳು ಊರಿಗೆ ಹೋದಾಗ ಟೋಕಿಯೋದಲ್ಲಿ ನೋಡಿದ ಬೆಲೆ ಅಮ್ಮನಿಗೆ ಹೇಳಿದೆ. “ಹರ್ಕ್ ಪ್ಯಾಂಟಿಗೆ ಆರ್ ಸಾವ್ರ ಕೊಡ್ತ್ರಾ?” ಅಂತ ಬಾಯಿಯ ಮೇಲೆ ಕೈಯಿಟ್ಟರು. ಆಮೇಲೆ ಆ ತಪ್ಲಿ ತಂದು ತೋರಿಸಿದರು. ಕುಂದಾಪುರದ ಪಾತ್ರೆ ಅಂಗಡಿಗೆ ಒಯ್ದು ಅಂಚಿನಲ್ಲಿ ಅಪ್ಪಯ್ಯನ ಹೆಸರು ಕೊರೆಸಿದ್ದಾರೆ, ತೀರಿಕೊಂಡ ದಿನಾಂಕದ ಜೊತೆ. ನನಗದು ಗೊತ್ತೇ ಇರಲಿಲ್ಲ. ದಿನಾ ಹಾಲು ಕಾಯಿಸೋದು ಅದರಲ್ಲೇ.