ನಿಷಿದ್ಧ ಗೆರೆ ಹೇಳಿದ ಗುಟ್ಟು

ಗ್ರಹಣದ ದಿನ ಸೂರ್ಯನ ಸುತ್ತ ಬೆಳ್ಳಗೆ ಒಂದು ಪ್ರಭೆ ಕಾಣತ್ತಲ್ಲ, ಅದೇ ಕರೋನಾ. 1869ರ ಗ್ರಹಣದಲ್ಲಿ ಅಮೆರಿಕದ ಯಂಗ್ ಮತ್ತು ಹಾರ್ಕ್‌ನೆಸ್ ಅದರ ಬೆಳಕಿನಲ್ಲಿ ಒಂದು ಹಸಿರು ಗೆರೆ ಕಂಡರು. ಗೊತ್ತಿದ್ದ ಯಾವ ಧಾತುವಿಗೂ ಅದು ಹೊಂದಲಿಲ್ಲ. ಸರಿ, 'ಕೊರೋನಿಯಂ' ಅಂತ ಹೊಸ ಧಾತುವನ್ನೇ ಹುಟ್ಟಿಸಿಬಿಟ್ಟರು! ಅದು 13 ಎಲೆಕ್ಟ್ರಾನ್ ಕಳಕೊಂಡ ಕಬ್ಬಿಣ ಅಂತ ಗೊತ್ತಾಗೋಕೆ 1940ರ ಆಸುಪಾಸಿನಲ್ಲಿ ಗ್ರೋಟ್ರಿಯನ್, ಎಡ್ಲೆನ್ ಬರಬೇಕಾಯ್ತು. ಕಬ್ಬಿಣಕ್ಕೆ ಆ ಗತಿ ಬರಬೇಕಾದ್ರೆ ಹತ್ತು ಲಕ್ಷ ಡಿಗ್ರಿಗೂ ಮೀರಿದ ಬಿಸಿ ಬೇಕು. ಅಷ್ಟು ಬಿಸಿಯಾದ ಅನಿಲ ಎಕ್ಸ್-ರೇ ಸೂಸತ್ತೆ.

ಸೂರ್ಯನದ್ದಾದ್ರೆ ಫೋಟೋ ತೆಗೀಬಹುದು. ಬೇರೆ ನಕ್ಷತ್ರಗಳು ಬರೀ ಚುಕ್ಕಿ. ಅಲ್ಲಿಂದ ಬರೋ ಎಕ್ಸ್-ರೇ ತೆಳು ಅನಿಲದ ದೊಡ್ಡ ಮೋಡದ್ದೋ, ದಟ್ಟ ಅನಿಲದ ಪುಟ್ಟ ಕುಣಿಕೆಗಳದ್ದೋ? ಸಾಂದ್ರತೆ ತಿಳೀದೆ ಗಾತ್ರ ತಿಳಿಯಲ್ಲ.

ಇದಕ್ಕೆ ಬೀಗದ ಕೈ ಸಿಕ್ಕಿದ್ದು 1969ರಲ್ಲಿ. ಇಂಗ್ಲೆಂಡಿನ ಅಲನ್ ಗೇಬ್ರಿಯಲ್ ಮತ್ತು ಕ್ಯಾರೊಲ್ ಜೋರ್ಡಾನ್ ಸೂರ್ಯನ ಎಕ್ಸ್-ರೇ ಗೆರೆಗಳನ್ನು ಬಿಡಿಸುತ್ತಾ ಅದನ್ನು ಕಂಡುಕೊಂಡರು. ಎರಡೇ ಎಲೆಕ್ಟ್ರಾನ್ ಉಳಿದಿರೋ ಆಮ್ಲಜನಕ ತಗೊಳ್ಳಿ. 21.6, 21.8, 22.1 ಆಂಗ್‌ಸ್ಟ್ರಾಮ್‌ನಲ್ಲಿ ಮೂರು ಗೆರೆ. ಕೊನೆಯದಕ್ಕೆ 'ನಿಷಿದ್ಧ ಗೆರೆ' ಅಂತ ಹೆಸರು. ನಿಷಿದ್ಧ ಅಂದ್ರೆ ನಿಷೇಧ ಅಲ್ಲ, ನಿಧಾನ ಅಷ್ಟೆ. ಅದು ಹೊಮ್ಮೋಕೆ ಎಲೆಕ್ಟ್ರಾನ್ ಸುಮಾರು ಒಂದು ಮಿಲಿಸೆಕೆಂಡು ಕಾಯಬೇಕು. ಕೋಡ್ ಬರೆದು ಹೊಟ್ಟೆ ಹೊರೆಯೋ ನನ್ನಂಥವನ ಭಾಷೇಲಿ ಹೇಳೋದಾದ್ರೆ, ಇದೊಂದು ಟೈಮರ್. ಅನಿಲ ತೆಳುವಾಗಿದ್ರೆ ಟೈಮರ್ ಪೂರ್ತಿ ಓಡತ್ತೆ, ನಿಷಿದ್ಧ ಗೆರೆ ಹೊಳೆಯತ್ತೆ. ದಟ್ಟವಾಗಿದ್ರೆ ಅಷ್ಟರೊಳಗೆ ಇನ್ನೊಂದು ಎಲೆಕ್ಟ್ರಾನ್ ಬಂದು ಡಿಕ್ಕಿ ಹೊಡೆದು ಪಕ್ಕದ ಸ್ಥಿತಿಗೆ ತಳ್ಳತ್ತೆ, ಆಗ 21.8ರ ಗೆರೆ ಜೋರಾಗತ್ತೆ. ಎರಡರ ಅನುಪಾತ ನೋಡಿದ್ರೆ ಸಾಂದ್ರತೆ ಸಿಕ್ಕಿತು! (ತೀರಾ ಬಿಸಿ ನಕ್ಷತ್ರಗಳಲ್ಲಿ ನೇರಳಾತೀತ ಬೆಳಕೂ ಇದೇ ತಂಟೆ ಮಾಡತ್ತೆ, ಅಲ್ಲಿ ಹುಷಾರಾಗಿರಬೇಕು.)

ಆದ್ರೆ ದೂರದ ನಕ್ಷತ್ರದ ಮಂದ ಬೆಳಕಲ್ಲಿ ಈ ಮೂರು ಗೆರೆಗಳನ್ನು ಚೆನ್ನಾಗಿ ಬೇರ್ಪಡಿಸಿ ಅಳೆಯೋಕೆ 30 ವರ್ಷ ಕಾಯಬೇಕಾಯ್ತು. 1999ರ ಜುಲೈನಲ್ಲಿ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ 'ಚಂದ್ರ' ದೂರದರ್ಶಕ, ಡಿಸೆಂಬರಿನಲ್ಲಿ ಎಕ್ಸ್‌ಎಂಎಂ-ನ್ಯೂಟನ್ ಮೇಲೇರಿದವು. 'ಚಂದ್ರ' ಮೊದಮೊದಲು ನೋಡಿದವುಗಳಲ್ಲಿ ಒಂದು ಕಪೆಲ್ಲಾ, ಅಂದ್ರೆ ನಮ್ಮ ಬ್ರಹ್ಮಹೃದಯ. ಸುಮಾರು 43 ಜ್ಯೋತಿರ್ವರ್ಷ ದೂರ. ಅಲ್ಲಿ ಆಮ್ಲಜನಕದ ಗೆರೆಗಳು ಕೊಟ್ಟ ಲೆಕ್ಕ: ಘನ ಸೆಂಟಿಮೀಟರಿಗೆ ಹೆಚ್ಚೂಕಮ್ಮಿ ಸಾವಿರ ಕೋಟಿ ಎಲೆಕ್ಟ್ರಾನ್. ಬಹಳ ಅನ್ನಿಸ್ತಾ? ನಾವು ಉಸಿರಾಡೋ ಗಾಳಿಯಲ್ಲಿ ಅದರ ನೂರು ಕೋಟಿ ಪಟ್ಟಿಗೂ ಹೆಚ್ಚು ಅಣುಗಳಿವೆ. ಆದ್ರೂ ಕರೋನಾಕ್ಕೆ ಅದು ದಟ್ಟವೇ. ನಕ್ಷತ್ರದ ಗಾತ್ರದ ಮುಂದೆ ಪುಟ್ಟದಾದ ಜಾಗದಿಂದಲೇ ಆ ಬೆಳಕು ಬರ್ತಿದೆ ಅಂತಾಯ್ತು.

2002ರಲ್ಲಿ ಟಿಡಬ್ಲ್ಯು ಹೈಡ್ರೇ ಅನ್ನೋ ಎಳೇ ನಕ್ಷತ್ರದಲ್ಲಿ ನಿಯಾನ್‌ನ ನಿಷಿದ್ಧ ಗೆರೆ ಮಂಕಾಗಿ ಕಂಡಿತು. ಸಾಂದ್ರತೆ ಕಪೆಲ್ಲಾದ ನೂರು ಪಟ್ಟಿಗೂ ಹೆಚ್ಚು! ಇದು ಬರೀ ಕರೋನಾ ಅಲ್ಲ, ಸುತ್ತಲಿನ ತಟ್ಟೆಯಿಂದ ಅನಿಲ ನಕ್ಷತ್ರದ ಮೇಲೆ ಸುರೀತಿದೆ ಅಂತ ವಿಜ್ಞಾನಿಗಳು ಅರ್ಥ ಮಾಡಿದರು. ಮಗು ತಟ್ಟೆಯಿಂದ ಉಣ್ಣುತ್ತಿರೋದು ಗೊತ್ತಾಗಿದ್ದು ಒಂದು ಗೆರೆ ಮಂಕಾಗಿದ್ದರಿಂದ, ನೋಡಿ.