ಮಾರಿಕಣಿವೆಯ ಅನ್ನ, ಮೈಯ ಕೊಬ್ಬು

ಚಿತ್ರದುರ್ಗದ ಸೀಮೆಯಲ್ಲಿ ಬಡವರಿಗೆ ಹಿಂದೆ ಅನ್ನವೆಂದರೆ ಹಬ್ಬದೂಟವಾಗಿತ್ತು. 1907ರಲ್ಲಿ ಹಿರಿಯೂರಿನ ಬಳಿ ಮಾರಿಕಣಿವೆಯ ಕಟ್ಟೆ ಮುಗಿದು ಬತ್ತ, ಕಬ್ಬು ಬೆಳೆದವು. ಆದರೂ ಸಕ್ಕರೆ ಕಾಯಿಲೆಗೆ ಅನ್ನವೊಂದನ್ನೇ ದೂರುವುದು ಅವಸರದ ಮಾತು. ಹೊಸದುರ್ಗ, ಹೊಳಲ್ಕೆರೆಗಳಲ್ಲಿ ರಾಗಿ ಬೀಸಿ, ಸಾವೆ ಕುಟ್ಟಿ ಉಂಡ ಮೈಯಲ್ಲಿ ಕೊಬ್ಬು ನಿಲ್ಲುತ್ತಿರಲಿಲ್ಲ. ಗಿರಣಿ ಬಂದು ಆ ದುಡಿಮೆ ತಪ್ಪಿತು. ಕೂತುಣ್ಣುವ ಸ್ಥೂಲಕಾಯನ ಪ್ರಮೇಹವನ್ನು ಸುಶ್ರುತನೇ ಬೇರೆಯಾಗಿ ಎಣಿಸಿದ್ದ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ದೊರೆಯಿತು. ಕೆಲವು ರೋಗಿಗಳಿಗೆ ಅದು ಸರಿಯಾಗಿ ನಾಟದೆಂದು 1936ರಲ್ಲಿ ಲಂಡನ್ನಿನ ಹಿಮ್ಸ್‌ವರ್ತ್ ತೋರಿಸಿದರು. ಕಾರಣ ಬಹುಮಟ್ಟಿಗೆ ಕೊಬ್ಬು. ಅದು ಯಕೃತ್ತು, ಸ್ನಾಯುಗಳಲ್ಲಿ ಸೇರಿದರೆ ಅವು ಇನ್ಸುಲಿನ್ನಿನ ಮಾತು ಕೇಳವು. ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಸುರಿಸಿ ದಣಿಯುತ್ತದೆ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ತೋಳು ಬಡಕಲಾಗಿದ್ದೂ ಹೊಟ್ಟೆ ಮುಂದಾದ ನಮ್ಮವರಿಗೂ ಈ ಒಳಕೊಬ್ಬು ತಪ್ಪಿದ್ದಲ್ಲ.